ನಲವತ್ತೊಂದನೆಯ ಹಾಳೆ

ಆಸ್ಪತ್ರೆಯ ಮೇಲ್ವಿಚಾರಕ ಪ್ರಶ್ನೆಯಕ್ಕನ ಮನೆಯ ಬೀರುವಿನ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಕೀಲಿ ತಿರುಗಿಸುತ್ತಿದ್ದ. ಹಜಾರದಲ್ಲಿ ಅವಳ ಶವವಿತ್ತು. ಮನೆಮನೆಗೆ ಹೋಗಿ, ಹದಿಹರೆಯದ ಹುಡುಗಿಯರಿಗೆ ಮುಟ್ಟು, ಗೆಳೆತನ, ಗರ್ಭದ ಬಗ್ಗೆ ಆಸ್ಪತ್ರೆಯ ಸಂಶೋಧನೆಗಾಗಿ ಪ್ರಶ್ನೆ ಕೇಳುವುದು ಅವಳ ಕೆಲಸವಾಗಿತ್ತು.

"ಇವತ್ತೇ ಬೇಕಿತ್ತೇನಪ್ಪಾ?" ಅಕ್ಕನ ಗಂಡ ಕೇಳಿದ.

"ಕ್ಷಮಿಸಿ ಯಜಮಾನ್ರೇ. ಹಳೇ ಹಾಳೆಗಳೆಲ್ಲ ಇಲ್ಲೇ ಉಳಿದಿವೆ, ಮನೆ ತುಂಬ ಜನ. ಯಾರ ಕೈಗೂ ಸಿಗಬಾರದು."

ಬಾಗಿಲ ಬಳಿ ನಿಂತಿದ್ದ ಟೈಲರ್ ಹುಡುಗಿ ಬೀರುವಿನತ್ತ ಒಂದು ಹೆಜ್ಜೆ ಇಟ್ಟಳು. ಪಕ್ಕದಲ್ಲಿದ್ದ ಅವಳ ತಾಯಿ ಕತ್ತು ಉದ್ದ ಮಾಡಿದಳು. "ನಮ್ಮವಳದ್ದೂ ಇದೆಯಾ ಸಾರ್ ಅದರಲ್ಲಿ? ಒಪ್ಪಿಗೆ ಪತ್ರಕ್ಕೆ ರುಜು ಹಾಕಿದ್ದೇ ನಾನು. ಒಂದ್ಸಲ ನೋಡ್ಬಹುದಲ್ಲ?"

*

ಎರಡು ವರ್ಷದ ಹಿಂದೆ ಹುಡುಗಿಗೆ ಹದಿನಾರು. ಅಕ್ಕ ತಾಯಿಯನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದ್ದಳು.

"ನಿನ್ನ ಹೆಸರು ಎಲ್ಲೂ ಬರಲ್ಲ. ನೀನು ನಲವತ್ತೊಂದು, ಅಷ್ಟೇ. ಅಮ್ಮ ರುಜು ಹಾಕಿರೋದು ನಾನು ಕೇಳೋದಕ್ಕೆ. ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು."

ಹುಡುಗಿ ಹೇಳಿಬಿಟ್ಟಳು: ಹಿಂದಿನ ಬೀದಿಯ ಹುಡುಗ, ತಪ್ಪಿದ ತಿಂಗಳು, ಹೆದರಿ ನುಂಗಿದ ಮಾತ್ರೆ. ಅಕ್ಕ ಬರೆದುಕೊಳ್ಳುತ್ತಿದ್ದಳು. ನಾಲ್ಕನೆಯ ಪ್ರಶ್ನೆಗೆ ಹುಡುಗಿ ಅವಳ ಮಣಿಕಟ್ಟು ಹಿಡಿದಳು.

"ಬೇಡಕ್ಕಾ. ಬರೆದಿದ್ದು ಯಾವುದೂ ಬೇಡ."

ಅಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು. "ಸರಿ. ಆದ್ರೆ ಈಗ್ಲೇ ಎದ್ದು ಹೋದ್ರೆ ನಿಮ್ಮಮ್ಮ ಯಾಕೆ ಅಂತ ಪ್ರಾಣ ತಿಂತಾರೆ. ಇನ್ನೂ ಅರ್ಧ ಗಂಟೆ ಕೂತಿರೋಣ."

ಬರೆದ ಹಾಳೆ ಅಕ್ಕನ ಚೀಲ ಸೇರಿತ್ತು. ಅದನ್ನೇನು ಮಾಡಿದಿರಿ ಎಂದು ಕೇಳಲು ಹುಡುಗಿಗೆ ಎಂದೂ ಬಾಯಿ ಬರಲಿಲ್ಲ.

*

"ತಾಯಂದಿರಿಗೆ ತೋರಿಸೋ ಹಾಗಿಲ್ಲಮ್ಮ," ಎಂದ ಮೇಲ್ವಿಚಾರಕ.

"ನಲವತ್ತೊಂದು ನಂದು," ಎಂದಳು ಹುಡುಗಿ. "ನಾನು ನೋಡ್ಬಹುದಾ?"

ಅವನು ಹುಡುಕಿ ಕೊಟ್ಟ. ಅದು ಬೇರೆಯೇ ಹಾಳೆ. ಎಲ್ಲ ಚೌಕಗಳೂ ಖಾಲಿ. ಅಡಿಯಲ್ಲಿ ಅಕ್ಕನ ದುಂಡಗಿನ ಅಕ್ಷರ: ಹುಡುಗಿ ಒಪ್ಪಲಿಲ್ಲ.

"ಇಂಥವು ಹನ್ನೆರಡಿವೆ," ಮೇಲ್ವಿಚಾರಕ ಗಂಡನ ಕಡೆ ತಿರುಗಿದ. "ಬೇರೆಯವರೆಲ್ಲ ಒಪ್ಪಿಸ್ಕೊಂಡು ಬರ್ತಾರೆ, ನಿಮಗೇನು ಧಾಡಿ ಅಂತ ಪ್ರತಿ ಮೀಟಿಂಗಲ್ಲೂ ಇವರನ್ನ ಬೈತಿದ್ದೆ. ತುಟಿ ಬಿಚ್ಚಲಿಲ್ಲ."

ಹುಡುಗಿ ಹಾಳೆಯನ್ನು ತಾನೇ ತಾಯಿಯ ಕೈಗಿಟ್ಟಳು.

"ಅಯ್ಯೋ, ಏನೂ ಇಲ್ವಲ್ಲೇ! ಮತ್ತೆ ಅಷ್ಟು ಹೊತ್ತು ಒಳಗೆ ಕೂತು ಏನು ಕಡಿದು ಕಟ್ಟೆ ಹಾಕಿದ್ರಿ?"

"ಅವರ ಯಜಮಾನ್ರ ಗೊರಕೆ ವಿಷಯ ಮಾತಾಡಿದ್ವಿ."

ಗಂಡ ತಲೆ ಎತ್ತಿದ. "ನನ್ನ ಗೊರಕೆನಾ? ಊರಿಗೆಲ್ಲ ಹೇಳ್ಕೊಂಡು ಬಂದಿದ್ದಾಳಾ?" ಬೆಳಗಿನಿಂದ ಮೊದಲ ಬಾರಿಗೆ ನಕ್ಕ, ನಗುತ್ತಲೇ ಅತ್ತ.

ಶವ ಎತ್ತಲು ಜನ ಬಂದಾಗ ಹುಡುಗಿ ಎರಡು ವರ್ಷದ ಭಾರ ಇಳಿದವಳಂತೆ ಗೋಡೆಗೆ ಒರಗಿ ಕೂತಲ್ಲೇ ನಿದ್ದೆಹೋಗಿದ್ದಳು. ಬಾಯಿ ತುಸು ತೆರೆದಿತ್ತು. ಹೆಗಲು ಕೊಟ್ಟವರು ಅವಳ ಚಾಚಿದ ಕಾಲುಗಳನ್ನು ತಪ್ಪಿಸಿಕೊಂಡು, ಸದ್ದಾಗದಂತೆ ಹೊರಗೆ ನಡೆದರು.