ಫೋಟೋ ನೋಡಲು ಹೋಗಿ ಬ್ಯಾಂಡ್ ಬಂತು

ಹೊಸದುರ್ಗದ ಶಿವಗಂಗಾ ತನ್ನ ಸೋದರಮಾವ ಗುರುರಾಜನ ಬ್ಯಾಂಡ್‌ಸೆಟ್ಟಿಗೆ ವೆಬ್‌ಸೈಟ್ ಮಾಡಿಕೊಟ್ಟಳು. ಚೆಂದ ಕಾಣಲೆಂದು 'ಫೋಟೋ ನೋಡಿ', 'ನಾಳೆಗೆ ಕರೆಸಿ' ಎರಡನ್ನೂ ಒಂದೇ ಅಳತೆಯ ಹಸಿರು ಬಟನ್ ಮಾಡಿ ಅಕ್ಕಪಕ್ಕ ಕೂರಿಸಿದಳು.

ಆ ವಾರವೇ, ವೆಬ್‌ಸೈಟಿನಲ್ಲಿ ಕೊಟ್ಟಿದ್ದ ಅವಳ ನಂಬರಿಗೊಂದು ಫೋನ್ ಬಂತು. ಡೋಲಿನ ಗದ್ದಲದ ನಡುವೆ ಒಬ್ಬ ಹೆಂಗಸು ಕೂಗುತ್ತಿದ್ದರು.

"ನಾನು ಹಿರೇಗುಂಟನೂರು ದಾಕ್ಷಾಯಣಮ್ಮ. ಎರಡು ಬಟನ್ನೂ ಒಂದೇ ತರ ಇದ್ವು, ಫೋಟೋ ನೋಡಾಣ ಅಂತ ಒಂದನ್ನ ಒತ್ತಿದೆ. ವಿಳಾಸ ಕೇಳ್ತು, ಫೋಟೋ ಮನೆಗೇ ಕಳಿಸ್ತಾರೇನೋ ಅಂತ ಕೊಟ್ಟೆ. ಬ್ಯಾಂಡೇ ಬಾಗ್ಲಿಗೆ ಬಂದೈತಲ್ಲವ್ವ! ಊರೋರೆಲ್ಲ ಯಾರಿಗೆ ಮದುವೆ ಅಂತಾರೆ. ನಮ್ಮೆಜಮಾನ್ರು ನಾಚ್ಕೊಂಡು ಹಿತ್ತಲಾಗೆ ಕುಂತಾರೆ!"

ಶಿವಗಂಗಾ ನಾಲಿಗೆ ಕಚ್ಚಿಕೊಂಡಳು. "ತಪ್ಪು ನಂದೇ ಅಮ್ಮ. ನೋಡೋಕೆ ಲಿಂಕ್ ಸಾಕಿತ್ತು, ಕರೆಸೋಕೆ ಮಾತ್ರ ಬಟನ್ ಇಡ್ಬೇಕಿತ್ತು. ಬ್ಯಾಂಡಿನವರನ್ನ ವಾಪಸ್ ಕಳ್ಸಿಬಿಡ್ರಿ."

"ಯಾಕವ್ವ ಕಳಿಸ್ಲಿ? ಉಪ್ಪಿಟ್ಟಿಗೆ ಇಟ್ಟೀನಿ. ತಿಂದು ಇನ್ನೆರಡು ಹಾಡು ಬಾರಿಸ್ಲಿ."

ಶಿವಗಂಗಾ ಕೂಡಲೇ 'ಫೋಟೋ ನೋಡಿ'ಯನ್ನು ಅಡಿಗೆರೆ ಎಳೆದ ನೀಲಿ ಲಿಂಕ್ ಮಾಡಿದಳು. 'ಕರೆಸಿ' ಒಂದೇ ಬಟನ್ ಆಗಿ ಉಳಿಯಿತು.

ಸಂಜೆ ಗುರುರಾಜ ಹಿಗ್ಗುತ್ತಾ ಬಂದ. ಹಿರೇಗುಂಟನೂರಿನಲ್ಲಿ ಬ್ಯಾಂಡ್ ಕೇಳಿದ ಎರಡು ಮನೆಯವರು ತಮ್ಮಲ್ಲಿನ ಮದುವೆಗೂ ಅದನ್ನೇ ಗೊತ್ತುಮಾಡಿದ್ದರು. ಹೊಸ ಲಿಂಕನ್ನು ತೋರಿಸಿದ ಸೋದರಸೊಸೆಯನ್ನು ಅವನು ಗದರಿಸಿಯೇ ಬಿಟ್ಟ.

"ಹಳೇದೇ ಚೆನ್ನಾಗಿತ್ತಲ್ಲೇ, ಯಾಕೆ ತೆಗೆದೆ?"