ಕೆಸರಿಗೆ ಬಿದ್ದ ಬಾಗಿನ

ಬಳೆಗಳು ಇನ್ನೂ ಅಲ್ಲೇ ಇವೆ, ದೋಣಿಯಿಂದ ಎರಡು ಮಾರು ಆಚೆ, ಕೆಸರಿನ ಮೇಲೆ ಹಸಿರಾಗಿ — ಚನ್ನರಾಯಪ್ಪ ಕಣ್ಣು ತಿರುಗಿಸಿ ತಲೆಯ ಮೇಲಿನ ಟಾರ್ಪಾಲು ನೋಡಿದ, ದೂರದ ಕೊಕ್ಕರೆ ನೋಡಿದ, ಮತ್ತೆ ಬಳೆಗಳನ್ನೇ ನೋಡಿದ, ಬೆಳಿಗ್ಗೆ ಇಲ್ಲೆಲ್ಲ ನೀರಿತ್ತು, ಕುಂದಾಪುರದ ಈ ಹಿನ್ನೀರು ಕಂಡದ್ದೇ ಹೆಂಡತಿ ಮುನಿಗಂಗಮ್ಮ ಕೈಮುಗಿದಿದ್ದಳು, ತಮ್ಮೂರು ಮಾಸ್ತಿಯಿಂದ ಬಾಗಿನದ ಮೊರವನ್ನು ತೊಡೆಯ ಮೇಲಿಂದ ಇಳಿಸದೆ ತಂದವಳು, ನಮ್ಮ ಕೆರೆ ತುಂಬೈತಲ್ಲೇ ಅಲ್ಲೇ ಬಿಡು ಅಂದರೆ, ಬೆಂಗಳೂರಿಂದ ಕೆರೆಗೆ ಬಿಟ್ಟಿರೋ ಮೋರಿ ನೀರಿಗೆ ಬಾಗಿನ ಕೊಡ್ತಾರಾ, ಗಂಗಮ್ಮ ತಾಯಿ ಒಪ್ತಾಳಾ ಅಂದವಳು, ಮಗಳು ದಿವ್ಯಳಿಗೆ ಹೋದ ಸಲ ಬಸಿರು ನಿಲ್ಲಲಿಲ್ಲ, ಈ ಸಲ ಐದು ತಿಂಗಳು ದಾಟಿದರೆ ಅವಳ ಅತ್ತೆಮನೆ ಸೀಮೆಯ ತುಂಬಿದ ಹೊಳೆಗೆ ಬಾಗಿನ ಅಂತ ಹರಕೆ ಹೊತ್ತವಳು, ದಾಟಿತು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಗಳು ಎದುರಿಗೇ ಕೂತಿದ್ದಾಳೆ, ಅಪ್ಪನ ಮುಖ ನೋಡುತ್ತಿಲ್ಲ. ದಡದಲ್ಲೇ ಬಿಡ್ತೀನಿ ಇವ್ರೇ ಅಂದಿದ್ದಳು ಮುನಿಗಂಗಮ್ಮ, ಅಂಚಲ್ಲಿ ಯಾಕೆ, ನಡುಮಧ್ಯ ಬಿಡು ಅಂದ ಜಂಬ ಯಾರದು, ಇಳಿತಕ್ಕೆ ಮುಂಚೆ ದಾಟ್ಬೇಕು ಬನ್ನಿ ಅಂತ ದೋಣಿಯವನು ಕೂಗುತ್ತಿದ್ದರೂ ಈ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ಹಾಕಲ್ಲ, ನಾನೇನು ಸರ್ಕಸ್ಸಿನವನಾ ಅಂತ ಜಗಳ ತೆಗೆದು ಹೊತ್ತು ಕಳೆದದ್ದು ಯಾರು, ಆಮೇಲೆ ದೋಣಿ ಹೂಳಿಗೆ ಕಚ್ಚಿಕೊಂಡಿತು, ನೀರು ಕಣ್ಣೆದುರೇ ಜಾರಿ ಹೋಗುತ್ತಿತ್ತು, ನೀರು ಇಳಿಯಿತೆಂದರೆ ಯಾರೋ ತೂಬು ಎತ್ತಿದ್ದಾರೆ, ಕೆರೆ ಕಂಡು ಬೆಳೆದವನಿಗೆ ಇನ್ನೇನು ಹೊಳೆದೀತು — ಯಾರ್ಲಾ ತೂಬು ಎತ್ತಿದ್ದು, ಕರೀಲಾ ನಿಮ್ಮ ನೀರು ಬಿಡೋ ನೀರುಗಂಟೀನ. ತೂಬು ಎಂತದ್ ಮಾರಾಯ್ರೆ, ಕಡಲಿಗೆ ಹೋದ ನೀರು, ಉಬ್ಬರಕ್ಕೆ ವಾಪಸ್ ಬರ್ತದೆ, ಕೂತ್ಕಣಿ ಅಂದ ದೋಣಿಯವನು. ಅಳಿಯ ಅಮರನಾಥ ನಕ್ಕ, ಅದನ್ನು ಚನ್ನರಾಯಪ್ಪ ನುಂಗಿಕೊಂಡ, ದಿವ್ಯ ನಕ್ಕಳು, ಅದನ್ನೂ, ಆದರೆ ಮುನಿಗಂಗಮ್ಮ ಸೆರಗು ಬಾಯಿಗೊತ್ತಿ ನಕ್ಕಳಲ್ಲ, ಇಷ್ಟು ವರ್ಷ ಎದುರಿಗೆ ನಗದವಳು — ಕೈ ತಾನಾಗಿ ಹೋಯಿತು, ತಗೊಳ್ಳೇ ನಿನ್ನ ಗಂಗಮ್ಮನ್ನ, ಮೊರ ಕಿತ್ತು ಎಸೆದ, ಥಪ್ ಅಂತು, ತೆಂಗಿನಕಾಯಿ ಒಂದು ಕಡೆ, ರವಿಕೆ ಕಣ ಒಂದು ಕಡೆ, ಬಳೆ ಒಂದು ಕಡೆ. ತರಲು ಇಳಿದ ಅಳಿಯ ತೊಡೆಮಟ ಹೂತ, ದೋಣಿಯವನು ಹಗ್ಗ ಕೊಟ್ಟು ಎಳೆದ. ಅಪ್ಪಾ, ಅದು ನನ್ನ ಮಗೂದು ಕಣಪ್ಪಾ. ಅಷ್ಟೇ ಅಂದಳು, ಮೆಲ್ಲಗೆ. ಕೂಗಾಡಿದ್ದರೆ ತಿರುಗಿ ಕೂಗಬಹುದಿತ್ತು.

ಆಮೇಲೆ ಬಿಸಿಲು, ಮೀನಿನ ವಾಸನೆ, ಹೆಂಡತಿಗೆ ತಪ್ಪಾಯ್ತು ಕಣೇ ಅನ್ನಬೇಕು, ಬಾಯಿ ತೆರೆದರೆ ಬಂದದ್ದು, ನೀರು ಕುಡೀತೀಯಾ, ಅವಳು ತಲೆಯೆತ್ತಲಿಲ್ಲ, ಮೊರ ಹಿಡಿದ ಹಾಗೇ ಎರಡು ಕೈ ತೊಡೆಯ ಮೇಲೆ, ಖಾಲಿ, ಮಾಲೂರಿನಲ್ಲಿ ಆ ಬಳೆ ಆರಿಸಿದವನು ತಾನೇ, ಒಂದೊಂದನ್ನೂ ಉಗುರಿಂದ ಮೀಟಿ, ಒಡಕು ಕೊಟ್ಟೀಯ, ಇದು ನನ್ನ ಮಗಳ ಹರಕೇದು ಅಂತ ಅಂಗಡಿಯವಳನ್ನು ಗದರಿಸಿ — ದೋಣಿ ಅಲುಗಿತು, ಬಂತು ನೀರು ಅಂದ ದೋಣಿಯವನು, ತೆಂಗಿನಕಾಯಿ ತೇಲಿತು, ಮೊರ ತಿರುಗಿ ತಿರುಗಿ ಹೊರಟಿತು, ಕಣವನ್ನೂ ನೀರು ಒಯ್ದಿತು, ಈಗ ಕೈಮುಗಿ ಗಂಗೂ, ಗಂಗಮ್ಮ ಬಂದಳು, ಈಗಲಾದರೂ ಮುಗಿ, ಅವಳು ಮುಗಿಯಲಿಲ್ಲ, ಮೋಟರು ಕೆಮ್ಮಿತು, ಚನ್ನರಾಯಪ್ಪ ಬಗ್ಗಿ ನೋಡಿದ, ಬಳೆ ತೇಲುವುದಿಲ್ಲ, ಗೇಣುದ್ದ ನೀರಿನ ಕೆಳಗೆ, ಒಂದೂ ಒಡೆಯದೆ, ಕೆಸರಿನ ಮೇಲೆ ಹಸಿರಾಗಿ.