ಹಸಿರು ದೀಪ ಹತ್ತಿದರೆ ಮುಗಿಯಿತು

ತಲೆಪಟ್ಟಿಯನ್ನು ಕೈಗೆತ್ತಿಕೊಂಡರೆ ಸಾಕು, ಟೆಕ್ನಿಷಿಯನ್‌ಗೆ ವಾಕರಿಕೆ. ಬೆಳಗಿನಿಂದ ಹನ್ನೊಂದು ತಲೆ ಹತ್ತಿಳಿದ ಪಟ್ಟಿ, ಹನ್ನೊಂದು ಜನರ ಬೆವರು. ಮೆದುಳಿನ ಅಲೆ ಅಳೆಯುವ ಹೊಸ ಯಂತ್ರವಂತೆ! ಅಂಟು ಬೇಡ, ತಂತಿ ಬೇಡ, ತೊಡಿಸಿ ಹಸಿರು ದೀಪ ಹತ್ತಿದರೆ ಮುಗಿಯಿತು. ಡಾಕ್ಟರಂತೂ ಅದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು.

ಎದುರಿಗೆ ಒಂಬತ್ತು ವರ್ಷದ ಹುಡುಗಿ, ಪಕ್ಕದಲ್ಲಿ ಅವಳ ತಾಯಿ. ಮಾತಾಡುತ್ತಲೇ ಹುಡುಗಿ ಕಲ್ಲಿನಂತೆ ಕೂತುಬಿಡುತ್ತಾಳಂತೆ. ಹತ್ತಿಪ್ಪತ್ತು ಸೆಕೆಂಡು ಬರೀ ಕಣ್ಣು ಪಿಳಿಪಿಳಿ. ಆರು ತಿಂಗಳ ಹಿಂದೆ ಇದೇ ಪಟ್ಟಿ ತೊಡಿಸಿ, ಮೆದುಳು ಸರಿಯಿದೆ ಎಂದು ಬರೆದು ಕಳಿಸಿದ್ದರು.

"ಮತ್ತೆ ಯಾಕಮ್ಮ ಬಂದ್ರಿ?"

"ಶಾಲೆಯವರು ಬಿಡ್ತಿಲ್ಲ ಅಕ್ಕಾ, ಇನ್ನೊಂದ್ಸಲ ತೋರಿಸಿ ಅಂತಾರೆ. ಸೋಮಾರಿತನಕ್ಕೂ ಕಾಗದ ಬೇಕಂತೆ!"

ಪಟ್ಟಿ ತೊಡಿಸಿದೊಡನೆ ಹಸಿರು ದೀಪ ಹತ್ತಿತು. ಯಾಕೋ ಅನುಮಾನ ಬಂದು ಟೆಕ್ನಿಷಿಯನ್ ಪಟ್ಟಿಯ ಹಿಂದೆ ಬೆರಳು ತೂರಿಸಿ ನೋಡಿದಳು. ಥೂ! ಅಲೆ ಹಿಡಿಯುವ ಎಂಟು ಗುಂಡಿಗಳಲ್ಲಿ ಆರು ದಟ್ಟ ಕೂದಲ ಮೇಲೆ ತೇಲುತ್ತಿವೆ. ಹಣೆಗೆ ತಾಗಿದ ಎರಡಕ್ಕೇ ಆ ದರಿದ್ರ ದೀಪ ಹತ್ತಿತ್ತು.

ಡಾಕ್ಟರ್ ಬಾಗಿಲಲ್ಲಿ ಇಣುಕಿದರು. "ಹಸಿರು ಬಂತಲ್ಲ? ಬೇಗ ಕಳಿಸಮ್ಮ, ಜನ ಕಾಯ್ತಿದ್ದಾರೆ."

"ಕುಂಬಳಕಾಯಿಗೆ ತೊಡಿಸಿದ್ರೂ ಹಸಿರು ಬರುತ್ತೆ ಸರ್" ಎಂದವಳೇ ಹಳೆಯ ತಂತಿಗಳ ಪೆಟ್ಟಿಗೆ ಎಳೆದುಕೊಂಡಳು.

ಕೂದಲು ಬಿಡಿಸಿ, ಚರ್ಮ ಉಜ್ಜಿ, ಪೇಸ್ಟ್ ಹಚ್ಚಿ, ಇಪ್ಪತ್ತೊಂದು ತಂತಿ ಕೂರಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ಆಮೇಲೆ ಹುಡುಗಿಯ ಕೈಗೆ ಕಾಗದದ ಗಿರಗಿಟ್ಲೆ ಕೊಟ್ಟಳು; ಬಿಡದೆ ಊದಿದರೆ ಅಡಗಿದ ಅಲೆ ಹೊರಬೀಳುವುದುಂಟು. "ಊದು ಕಂದಾ, ನಾನು ಸಾಕು ಅನ್ನೋವರೆಗೂ."

ಎರಡನೇ ನಿಮಿಷಕ್ಕೆ ಗಿರಗಿಟ್ಲೆ ನಿಂತಿತು. ಪರದೆಯ ತುಂಬ ಚೂಪು ಅಲೆಗಳು, ಸೆಕೆಂಡಿಗೆ ಮೂರರಂತೆ. ಹುಡುಗಿಯ ಕಣ್ಣು ಪಿಳಿಪಿಳಿ.

"ನೋಡಿ, ಶುರುವಾಯ್ತು ನಾಟಕ!" ತಾಯಿ ಮಗಳ ಕೆನ್ನೆಗೆ ಬಾರಿಸಲು ಕೈ ಎತ್ತಿದಳು.

ಟೆಕ್ನಿಷಿಯನ್ ಆ ಕೈ ಹಿಡಿದುಕೊಂಡಳು. "ನಾಟಕ ಅಲ್ಲಮ್ಮ, ಇದೂ ಒಂಥರಾ ಮೂರ್ಛೆ. ಈಗ ಅವಳಿಗೆ ಏನೂ ಗೊತ್ತಾಗಲ್ಲ. ಔಷಧಿಗೆ ಬಗ್ಗುತ್ತೆ."

"ಸರಿಯಿದೆ ಅಂತ ನೀವೇ ಬರೆದಿದ್ರಲ್ಲ ಅಕ್ಕಾ! ಅದಕ್ಕೇ ದಿನಾ ಹೊಡೆದೆ."

ಟೆಕ್ನಿಷಿಯನ್ ಮುಂದೆ ತೆರೆದಿದ್ದ ಕಡತದಲ್ಲಿ ಆರು ತಿಂಗಳ ಹಿಂದಿನ ಹಾಳೆ ಇತ್ತು. 'ಪಟ್ಟಿ ಸರಿಯಾಗಿ ಕೂತಿದೆ' ಎಂಬ ಸಾಲಿನ ಮುಂದೆ ತನ್ನದೇ ಸಹಿ. ಅಂದು ಬೆರಳು ತೂರಿಸಿ ನೋಡಿರಲಿಲ್ಲ. ಡಾಕ್ಟರ ಮುಖಕ್ಕೆ ಉಗಿಯಲೆಂದು ಬಾಯಿಗೆ ಬಂದದ್ದನ್ನೆಲ್ಲ ಅವಳೇ ನುಂಗಬೇಕಾಯಿತು. ತನ್ನ ಮೇಲೆ ಅಷ್ಟು ಹೇಸಿಗೆ ಅವಳಿಗೆ ಎಂದೂ ಆಗಿರಲಿಲ್ಲ.

ಹುಡುಗಿಗೆ ಎಚ್ಚರವಾಯಿತು. ಮೊದಲು ಎರಡೂ ಕೆನ್ನೆಗೆ ಕೈ ಅಡ್ಡ ಹಿಡಿದಳು.